ಎಡೆಗೊಂದು ಮೀನು

ಮೊದಲು ಬಂದದ್ದು ವಾಸನೆ. ಆಗಸ್ಟ್ ತಿಂಗಳ ಸುಡುಬಿಸಿಲಿನ ವಾರ ನಾನೂ ಮಗಳೂ ಲಾಸ್ ಏಂಜಲಿಸ್‌ನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆವು. ಯೂನಿಯನ್ ಸಿಟಿಗೆ ವಾಪಸು ಬಂದು ಮನೆ ಮುಂದೆ ಕಾರು ನಿಲ್ಲಿಸಿದಾಗ ಗ್ಯಾರೇಜಿನ ಬಾಗಿಲು ಇನ್ನೂ ಅರ್ಧ ಮೇಲೆದ್ದಿರಲಿಲ್ಲ, ಮಗಳು ಅಂಗಿಯ ತೋಳಿನಿಂದ ಮೂಗು ಮುಚ್ಚಿಕೊಂಡಳು. ಮೂಲೆಯ ಹಳೇ ಫ್ರೀಜರಿನ ಹಸಿರು ದೀಪ ಆರಿತ್ತು. ಬಿಸಿಲಿಗೋ ಏನೋ, ಆ ಗೋಡೆಯ ಕರೆಂಟಿನ ಬ್ರೇಕರು ಟ್ರಿಪ್ಪಾಗಿತ್ತು. ಸಿಮೆಂಟಿನ ನೆಲದ ಮೇಲೆ ಕಂದು ನೀರು, ನೀರಿನ ಅಂಚಿಗೆ ಸಾಲು ಹಿಡಿದ ಇರುವೆ.

ಒಳಗೆ ಬಟಾಣಿ, ತೆಂಗಿನ ತುರಿ, ಪರೋಟ ಇದ್ದವು. ಹೋದರೆ ಹೋಗಲಿ. ಎಲ್ಲಕ್ಕೂ ಕೆಳಗೆ ಎರಡು ಕವರಿನಲ್ಲಿ ಸುತ್ತಿ, ತಿಂಗಳುಗಟ್ಟಲೆ ನಾನು ಮುಟ್ಟದೆ ಕಾದಿಟ್ಟುಕೊಂಡಿದ್ದ ಒಂದು ಮೀನಿತ್ತು. ನಮ್ಮ ಯಜಮಾನರು ಹಿಡಿದ ಕೊನೆಯ ಮೀನು. ಕವರನ್ನು ಎತ್ತಿದೆ. ಕೈಯಲ್ಲಿ ಅದು ಗಟ್ಟಿಯಾಗಿರಲಿಲ್ಲ.

ಅವರು ಮಾರ್ಚಿನಲ್ಲಿ ಹೋದರು. ಗಂಟಲಿನ ಕಾಯಿಲೆ. ಕೊನೆಯ ತಿಂಗಳುಗಳಲ್ಲಿ ಬಾಯಿಂದ ಏನೂ ಕೊಡಕೂಡದು ಅಂತ ಆಸ್ಪತ್ರೆಯ ಹಾಸಿಗೆಯ ತಲೆಯ ಮೇಲೆ ಬೋರ್ಡು ಹಾಕಿದ್ದರು. ಹೊಟ್ಟೆಗೆ ನಳಿಕೆ, ನಳಿಕೆಗೊಂದು ಪಂಪು. ಅದಕ್ಕೆ ಸ್ವಲ್ಪ ಅಡ್ಡಿಯಾದರೂ ಸಾಕು, ಕೀ ಕೀ ಅಂತ ಕೂಗಿಕೊಳ್ಳೋದು. ನಾನು ಎಲ್ಲಿದ್ದರೂ ಎದ್ದುಬಿದ್ದು ಓಡುತ್ತಿದ್ದೆ. ಅವರು ಪಿಸುದನಿಯಲ್ಲಿ ಕೇಳಿದ್ದು ಒಂದೇ. "ಮೀನ್ ಸಾರು. ಒಂದೇ ಚಮಚ." ಡಾಕ್ಟರು ಬೇಡ ಅಂದರು, ಶ್ವಾಸಕೋಶಕ್ಕೆ ಇಳಿಯುತ್ತೆ ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಅಷ್ಟರಲ್ಲಿ ಮುಗಿಯಿತು.

ಮಂಡ್ಯದ ಹತ್ತಿರ ನನ್ನ ಮೈದುನನ ಮನೆಯಲ್ಲಿರುವ ಅತ್ತೆ ಫೋನಿನಲ್ಲಿ ಅತ್ತಿದ್ದು ಸಾವಿಗಿಂತ ಹೆಚ್ಚಾಗಿ ಆ ಹಸಿವಿಗೆ. "ಹಸ್ಕಂಡ್ ಹೋದ ಕಣವ್ವ ನನ್ ಮಗ. ಮಾಲಯ ಅಮಾಸೆಗೆ ಮೊದಲ್ನೇ ಎಡೆ. ಅವತ್ತು ಮೀನಿಡು. ಅವನೇ ಹಿಡಿದದ್ದು ಐತೆ ಅಂದ್ಯಲ್ಲ, ಅದ್ನೇ ಇಡು. ಒಂದ್ಸಲ ಹೊಟ್ಟೆ ತುಂಬ ಉಣ್ಲಿ."

ನಮ್ಮ ಮನೆತನದಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡಿ, ಎಲೆಯಲ್ಲಿ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುವುದು. ಅವರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಉಣ್ಣುವವರನ್ನು ಎಬ್ಬಿಸಬಾರದು.

ಅಂಗಡಿಯ ಮೀನು ಇಡಬಹುದಿತ್ತಲ್ಲ ಅನ್ನಿಸಬಹುದು. ಇವರು ಈ ದೇಶಕ್ಕೆ ಬಂದ ಮೇಲೆ ಅಂಗಡಿಯ ಮೀನನ್ನು ಬಾಯಿಗಿಟ್ಟವರಲ್ಲ. ಗ್ರೋಸರಿಗೆ ಹೋದಾಗ ಐಸಿನ ಮೇಲೆ ಮಲಗಿಸಿದ ಮೀನಿನ ಮುಂದೆ ನಿಂತು, "ಕಣ್ಣು ನೋಡೇ, ಸೋಮವಾರದ ಮೀಟಿಂಗಿನಲ್ಲಿ ಕೂತವರ ಥರ ಇದೆ," ಅಂತ ನಗೋರು. ಶನಿವಾರ ಬಂತೆಂದರೆ ಸೇತುವೆ ದಾಟಿ, ಗುಡ್ಡ ದಾಟಿ, ಹಾಫ್ ಮೂನ್ ಬೇ ಕಡೆಯ ದಂಡೆಗೆ ಹೋಗಿ ನಿಲ್ಲೋರು. ತಾವೇ ನಿಂತು ಹಿಡಿದದ್ದು ಮಾತ್ರ ಮೀನು.

ಕೆಟ್ಟ ಮೀನನ್ನು ನಾನೂ ಮಗಳೂ ಹಿತ್ತಲಿನ ನಿಂಬೆಗಿಡದ ಬುಡದಲ್ಲಿ ಹೂತೆವು. ಕೈ ತೊಳೆಯುತ್ತಾ, "ನಾನೇ ಹಿಡಿತೀನಿ," ಅಂದೆ.

ಮಗಳು ನನ್ನ ಮುಖ ನೋಡಿದಳು. ಅವಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಅಮ್ಮಾ, ಯು ಡೋಂಟ್ ಈವನ್ ಗೆಟ್ ಯುವರ್ ಫೀಟ್ ವೆಟ್."

ನಿಜ. ಅಷ್ಟು ವರ್ಷ ಅವರ ಜೊತೆ ಹೋಗಿದ್ದೇನೆ, ಆದರೆ ಮಡಚುವ ಕುರ್ಚಿಯಲ್ಲಿ ಕೂತು. ಮೊಣಕಾಲಿನ ಮೇಲೆ ಕ್ರೋಶಾ, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು. ದಂಡೆಗೆ ಬರುವ ನಾಯಿಗಳಿಗೆ ತೊಡಿಸಿದ ಸ್ವೆಟರಿನ ಬಣ್ಣ ನೆನಪಿದೆ, ಅಲೆ ಹಿಂದಕ್ಕೆ ಸರಿದಾಗ ಮರಳಿನ ಮೇಲೆ ಉಳಿಯುವ ನೊರೆಯ ಕಸೂತಿ ನೆನಪಿದೆ, ದೊಡ್ಡ ಅಲೆ ಬಂದಾಗಲೆಲ್ಲ ಅವರು ಒಮ್ಮೆ ತಿರುಗಿ ನನ್ನ ಕುರ್ಚಿ ಎಲ್ಲಿದೆ ಅಂತ ನೋಡುತ್ತಿದ್ದದ್ದು ನೆನಪಿದೆ. ಅವರ ಕೈ ಏನು ಮಾಡುತ್ತಿತ್ತು ಅನ್ನೋದನ್ನು ಮಾತ್ರ ನಾನು ನೋಡಿರಲಿಲ್ಲ.

ಕಂಪ್ಯೂಟರಿನಲ್ಲಿ ಲೈಸೆನ್ಸು ಮಾಡಿಸಿಕೊಂಡೆ. ಅವರ ಗಾಳದ ಪೆಟ್ಟಿಗೆ ತೆರೆದೆ. ಸೀಸದ ಗುಂಡುಗಳು, ಕೊಂಡಿಗಳು, ಬೇರೆ ಬೇರೆ ಗಾತ್ರದ ಗಾಳಗಳು, ಒಂದು ಪುಟ್ಟ ಡಬ್ಬಿಯಲ್ಲಿ ಕೆಂಪು ಮಣಿಗಳು. ಮಣಿಗಳನ್ನು ನೋಡಿದ ತಕ್ಷಣ ಗೊತ್ತಾಯಿತು: ಮಗಳು ಚಿಕ್ಕವಳಿದ್ದಾಗ ಬಳೆ ಪೋಣಿಸಲು ಕೊಡಿಸಿದ್ದ ಮಣಿಗಳು. ವಿಡಿಯೋ ನೋಡಿ ನೋಡಿ ಕಟ್ಟುವ ಕ್ರಮ ಕಲಿತೆ. ದಾರಕ್ಕೆ ಮೊದಲು ತೂತಿರುವ ಸೀಸದ ಗುಂಡು ಪೋಣಿಸಬೇಕು, ಅದರ ಹಿಂದೆ ಒಂದು ಮಣಿ. ಮಣಿ ಇಲ್ಲದಿದ್ದರೆ ಸೀಸ ಬಡಿದು ಬಡಿದು ಗಂಟು ಹರಿಯುತ್ತದೆ. ಆಮೇಲೆ ತಿರುಗುವ ಕೊಂಡಿ, ಕೊಂಡಿಯಿಂದ ಮೊಳದುದ್ದ ತೆಳುದಾರ, ಕೊನೆಯಲ್ಲಿ ಗಾಳ. ಸೀಸ ಮರಳಿನ ಮೇಲೆ ಕೂತರೆ ಗಾಳಕ್ಕೆ ಚುಚ್ಚಿದ ಎರೆ ಅಲೆಯ ಜೊತೆ ಆಡುತ್ತಿರುತ್ತದೆ. ಗಂಟು ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಬೇಕಂತೆ. ಕಾನ್ವೆಂಟಿನಲ್ಲಿ ಸೂಜಿಗೆ ಎಂಜಲು ಹಚ್ಚಿದ್ದಕ್ಕೆ ಸಿಸ್ಟರ್ ಕೈಮೇಲೆ ಸ್ಕೇಲಿನಲ್ಲಿ ಹೊಡೆದಿದ್ದರು. ಮೊದಲ ಕೆಲವು ಗಂಟುಗಳನ್ನು ನಾನು ಲೋಟದ ನೀರಿನಲ್ಲೇ ಅದ್ದಿದೆ.

ಎಸೆಯೋದು ಕಲಿಯಲು ಮನೆಗೆ ಹತ್ತಿರದ ಕೊಲ್ಲಿಯ ದಂಡೆಗೆ ಹೋದೆ. ಅಲ್ಲಿ ಅಲೆಯಿಲ್ಲ, ಬೂದು ನೀರು, ಕೆಸರಿನ ವಾಸನೆ. ದಂಡೆಯಲ್ಲೊಂದು ಬೋರ್ಡಿತ್ತು, ಮೀನಿನ ಚಿತ್ರಗಳ ಜೊತೆ. ಈ ಕೊಲ್ಲಿಯ ನೀರಿನಲ್ಲಿ ಪಾದರಸ ಬೆರೆತದ್ದರಿಂದಾಗಿ ಯಾವ ಮೀನನ್ನು ಯಾರು ತಿನ್ನಬಾರದು ಅಂತ ಅನೇಕ ಭಾಷೆಗಳಲ್ಲಿ ಬರೆದಿದ್ದರು. ಪೂರ್ತಿ ಓದಿದೆ. ಇವರು ಮನೆ ಪಕ್ಕದ ನೀರು ಬಿಟ್ಟು ಅಷ್ಟು ದೂರ ಯಾಕೆ ಹೋಗುತ್ತಿದ್ದರು ಅಂತ ಅವತ್ತು ತಿಳಿಯಿತು. ನಾನು ಅವರ ರಾಡಿಗೆ ಗಾಳವಿಲ್ಲದೆ ಬರೀ ಸೀಸ ಕಟ್ಟಿ ಎಸೆದೆ. ತೋರುಬೆರಳಿಗೆ ದಾರ ಸಿಕ್ಕಿಸಿಕೊಳ್ಳಬೇಕು, ರೀಲಿನ ತಂತಿಯ ಬಿಲ್ಲು ತೆರೆಯಬೇಕು, ರಾಡು ಹೆಗಲ ಮೇಲಿಂದ ಮುಂದಕ್ಕೆ ಬರುವಾಗ ಸರಿಯಾದ ಗಳಿಗೆಯಲ್ಲಿ ಬೆರಳು ಬಿಡಬೇಕು. ಬೇಗ ಬಿಟ್ಟರೆ ಸೀಸ ಆಕಾಶಕ್ಕೆ, ತಡವಾದರೆ ಕಾಲಬುಡಕ್ಕೆ. ದಾರ ಹಕ್ಕಿಗೂಡಿನ ಹಾಗೆ ಸಿಕ್ಕುಗಟ್ಟಿತು. ಬೇರೆಯವರು ಅದನ್ನು ಕತ್ತರಿಸಿ ಬಿಸಾಡುತ್ತಾರೆ. ನಾನು ಪರ್ಸಿನಿಂದ ಕ್ರೋಶಾ ಕಡ್ಡಿ ತೆಗೆದು ಬೆಂಚಿನ ಮೇಲೆ ಕೂತು ಒಂದೊಂದೇ ಸುತ್ತು ಬಿಡಿಸಿದೆ. ಆ ಸೆಪ್ಟೆಂಬರಿನಲ್ಲಿ ನನಗೆ ಸರಿಯಾಗಿ ಬಂದ ಕೆಲಸ ಅದೊಂದೇ.

ಆಮೇಲೆ ಸಮುದ್ರ. ಮರಳಿನ ದಂಡೆಯಲ್ಲಿ ಎಲ್ಲೆಂದರಲ್ಲಿ ಮೀನಿರುವುದಿಲ್ಲ. ಇಳಿತದಲ್ಲೇ ಹೋಗಿ ಎಲ್ಲಿ ಗುಂಡಿಯಿದೆ, ಎಲ್ಲಿ ದಿಬ್ಬವಿದೆ ಅಂತ ಗುರುತಿಟ್ಟುಕೊಳ್ಳಬೇಕು. ಉಬ್ಬರ ಏರುವಾಗ ಅಲೆ ದಿಬ್ಬದ ಮೇಲೆ ಒಡೆಯುತ್ತದೆ, ಗುಂಡಿಯ ಮೇಲೆ ಒಡೆಯುವುದಿಲ್ಲ. ನೊರೆಯ ನಡುವೆ ಕಪ್ಪಗೆ ನಯವಾಗಿ ಕಾಣುವ ಜಾಗವೇ ಗುಂಡಿ. ಪರ್ಚ್ ಮೀನು ಅಲ್ಲಿ ಬಂದು ಮರಳಿನ ಏಡಿಗಳನ್ನು ಮೇಯುತ್ತದೆ. ಸಮುದ್ರಕ್ಕೆ ಬೆನ್ನು ಹಾಕಬಾರದು. ಇಷ್ಟು ಕಲಿತು ನಿಂತರೂ ಬರುತ್ತಿದ್ದದ್ದು ಬರೀ ಹುಲ್ಲು, ಪಾಚಿ. ಒಂದು ಸಲ ಯಾರದೋ ಮಗುವಿನ ಚಪ್ಪಲಿ.

ಅಲ್ಲಿ ದಿನವೂ ಬರುವ ವಯಸ್ಸಾದ ಅಮೆರಿಕನ್ನರೊಬ್ಬರಿದ್ದರು, ಮಾಸಿದ ನೀಲಿ ಟೋಪಿ. ಒಂದು ಬೆಳಿಗ್ಗೆ ಹತ್ತಿರ ಬಂದು, "ನೀನು ಕುರ್ಚಿಯವಳಲ್ಲವೇ?" ಅಂತ ಕೇಳಿದರು. "ಗಂಡ ಎಲ್ಲಿ? ನಿನ್ನನ್ನು ಕೆಲಸಕ್ಕೆ ಹಚ್ಚಿ ಅವನು ಕುರ್ಚಿಯಲ್ಲಿ ಕೂತನೋ?"

ಹೇಳಿದೆ. ಅವರು ಟೋಪಿ ತೆಗೆದರು. ಆಮೇಲೆ ತಮ್ಮ ಬಕೆಟ್ಟಿನಿಂದ ಒಂದು ಮೀನು ಎತ್ತಿ, "ತಗೋ, ಮನೆಗೊಯ್ಯಿ," ಅಂದರು. ಅಗಲವಾದ, ಬೆಳ್ಳಿಬಣ್ಣದ, ಇನ್ನೂ ಬಾಲ ಆಡಿಸುತ್ತಿದ್ದ ಪರ್ಚ್.

"ಅಯ್ಯೋ ಬೇಡ, ಥ್ಯಾಂಕ್ಯೂ," ಅಂದೆ.

ನಮ್ಮಲ್ಲಿ ಮೊದಲ ಸಲಕ್ಕೆ ಯಾರಾದರೂ ಕೈ ಚಾಚುತ್ತಾರೆಯೇ? ಕೊಡುವವರು ಮತ್ತೆ ಹೇಳಬೇಕು, ಇನ್ನೊಂದು ಸಲ ಬಲವಂತ ಮಾಡಬೇಕು, ಆಮೇಲೆ ಸಂಕೋಚಪಡುತ್ತಾ ತಗೊಳ್ಳೋದು. ಬೆಳೆದದ್ದೇ ಹಾಗೆ. ಅವರು "ಓಕೆ" ಅಂದು ಮೀನನ್ನು ತಮ್ಮ ಬಕೆಟ್ಟಿಗೇ ಹಾಕಿಕೊಂಡು ಹೋದರು. ನಾನು ನಗುಮುಖ ಇಟ್ಟುಕೊಂಡು ಅವರ ಬೆನ್ನು ನೋಡುತ್ತಾ ನಿಂತೆ. ಆ ವಾರದ ನಂತರ ಅವರು ದಂಡೆಗೆ ಬಂದದ್ದು ಕಾಣಲಿಲ್ಲ. ಊರು ಬಿಟ್ಟು ತಮ್ಮ ಮಗಳ ಮನೆಗೆ ಹೋದರೆಂದು ಯಾರೋ ಹೇಳಿದರು.

ಮಗಳು ಮೊದಲ ಸಲ ನನ್ನ ಜೊತೆ ಬಂದದ್ದು ಅದಾದ ಮೇಲಿನ ಶನಿವಾರ. ನಾನು ಎರೆಯ ಡಬ್ಬಿ ತೆಗೆದೆ. ಅವಳು ಬಗ್ಗಿ ನೋಡಿದಳು.

"ಅಮ್ಮಾ. ವೈ ಇಸ್ ದ ಬೇಟ್ ಯೆಲ್ಲೋ?"

"ಏನು ಯೆಲ್ಲೋ? ತೊಳೆದು ತಂದಿದೀನಿ."

"ತೊಳೆದು ಅಂದ್ರೆ?"

ತೊಳೆದು ಅಂದರೆ, ಎರೆಗೆಂದು ಗ್ರೋಸರಿಯಿಂದ ತಂದ ಸ್ಕ್ವಿಡ್ ಎಂಬ ಮೆತ್ತನೆಯ ಕಡಲಜೀವಿಗೆ ಉಪ್ಪು ಅರಿಶಿನ ಹಾಕಿ ಚೆನ್ನಾಗಿ ಉಜ್ಜಿ, ನಿಂಬೆರಸ ಹಿಂಡಿ, ನೀಚುವಾಸನೆ ಪೂರ್ತಿ ಹೋಗುವ ತನಕ ನೀರು ಬದಲಾಯಿಸಿ ತೊಳೆದು, ಪೇಪರ್ ಟವಲ್ಲಿನಲ್ಲಿ ಒತ್ತಿ, ಡಬ್ಬಿಗೆ ಹಾಕುವುದು. ಮೀನಿನ ಜಾತಿಯದು ಏನು ಮನೆಗೆ ಬಂದರೂ ನನ್ನ ಕೈ ಮೊದಲು ಮಾಡುವುದು ಅದನ್ನೇ. ನಾನು ಯೋಚಿಸಿಯೇ ಇರಲಿಲ್ಲ. ಆ ವಾಸನೆ ಹಿಡಿದೇ ಮೀನು ಬರಬೇಕಿತ್ತು. ಇಷ್ಟು ವಾರ ನಾನು ಸಮುದ್ರಕ್ಕೆ ವಾಸನೆಯೇ ಇಲ್ಲದ ಹಳದಿ ರಬ್ಬರಿನ ತುಂಡು ಎಸೆಯುತ್ತಿದ್ದೆ.

"ಯು ಮ್ಯಾರಿನೇಟೆಡ್ ದ ಬೇಟ್!" ಮಗಳು ಮರಳಿನ ಮೇಲೆ ಕೂತುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು. ಮಾರ್ಚಿನಿಂದೀಚೆಗೆ ನಾವಿಬ್ಬರೂ ಒಟ್ಟಿಗೆ ನಕ್ಕಿರಲಿಲ್ಲ. "ಅಪ್ಪ ಇದ್ದಿದ್ರೆ..." ಅಂತ ಶುರು ಮಾಡಿ ಅವಳು ನಿಲ್ಲಿಸಿದಳು. ನಗು ಹೇಗೆ ಬಂತೋ ಹಾಗೇ ಹೋಯಿತು. ಅವಳು ಎದ್ದು ಪ್ಯಾಂಟಿನ ಮರಳು ಕೊಡವಿಕೊಂಡು ಕಾರಿನ ಕಡೆ ನಡೆದಳು, ನಾನು ರೀಲು ಸುತ್ತಿಕೊಂಡೆ.

ಅವತ್ತಿಂದ ಎರೆ ತೊಳೆಯಲಿಲ್ಲ. ಅಲೆ ಹಿಂದಕ್ಕೆ ಹೋದಾಗ ಮರಳಿನಲ್ಲಿ ಸಣ್ಣ ಸಣ್ಣ ವಿ ಆಕಾರದ ಗೆರೆ ಏಳುತ್ತವೆ. ಅಲ್ಲಿ ಕೈ ಹಾಕಿ ತೋಡಿದರೆ ಹೆಬ್ಬೆರಳಿನಷ್ಟು ಏಡಿ ಸಿಗುತ್ತದೆ. ಚಿಪ್ಪು ಮೆತ್ತಗಿರುವುದನ್ನು ಆರಿಸಬೇಕು. ಅಂಗೈಯಲ್ಲಿ ಅದರ ಕಾಲುಗಳು ಓಡಾಡುವಾಗ ಮೊದಮೊದಲು ಕಣ್ಣು ಮುಚ್ಚಿಕೊಂಡೆ. ಗಾಳಕ್ಕೆ ಚುಚ್ಚುವಾಗ ಸಾರಿ ಅನ್ನುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ದಾರದಲ್ಲಿ ಜಗ್ಗು ಬರಲು ಶುರುವಾಯಿತು, ಆದರೆ ಎಳೆದುಕೊಳ್ಳುವಷ್ಟರಲ್ಲಿ ಬರೀ ಗಾಳ. ಕದಿಯುವುದು ಚಿಕ್ಕ ಮೀನೋ ಏಡಿಯೋ ಗೊತ್ತಾಗುತ್ತಿರಲಿಲ್ಲ.

ಅಮಾವಾಸ್ಯೆ ಹತ್ತಿರ ಬರುತ್ತಿದ್ದಂತೆ ಸಮುದ್ರ ಕೆರಳಿತು. ಮರಳಿನ ದಂಡೆಯಲ್ಲಿ ಎಷ್ಟು ಸೀಸ ಕಟ್ಟಿದರೂ ನಿಲ್ಲದೆ ದಾರ ಪಕ್ಕಕ್ಕೆ ಕೊಚ್ಚಿಕೊಂಡು ಹೋಗುತ್ತಿತ್ತು. ದಕ್ಷಿಣಕ್ಕೆ, ಪೆಸ್ಕಡೆರೋ ಕಡೆಗೆ, ಬಂಡೆಗಳ ಮರೆಯಲ್ಲಿ ನೀರು ಶಾಂತವಾಗಿರುತ್ತೆ ಅಂತ ಓದಿ ಅಲ್ಲಿಗೆ ಹೋದೆವು. ಕಪ್ಪು ಬಂಡೆ, ಅದರ ಮೇಲೆ ಒತ್ತೊತ್ತಾಗಿ ನೀಲಿ ಚಿಪ್ಪುಗಳು, ನಡುನಡುವೆ ಹಸಿರು ಹೂವಿನಂತೆ ಬಾಯಿ ತೆರೆದುಕೊಂಡ ಜೀವಿಗಳು. ಇವರು ನನ್ನನ್ನು ಬಂಡೆಗಳ ಕಡೆಗೆ ಎಂದೂ ಕರೆದುಕೊಂಡು ಹೋಗಿರಲಿಲ್ಲ.

ಎರಡನೇ ಎಸೆತಕ್ಕೇ ಸೀಸ ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಸಿಕ್ಕಿಕೊಂಡರೆ ರಾಡನ್ನು ನೇರ ಹಿಡಿದು, ದಾರವನ್ನು ಕೈಗೆ ಬಟ್ಟೆ ಸುತ್ತಿ ಎಳೆದು ಹರಿಯಬೇಕು. ಗೊತ್ತಿತ್ತು. ಆದರೆ ಮೀನೇ ಇರಬಹುದು ಅನ್ನುವ ಆಸೆಗೆ ನಾನು ರಾಡನ್ನು ಎತ್ತಿ ಬಗ್ಗಿಸಿ ಎಳೆದೆ. ಟಪ್ ಅಂತ ಒಂದು ಸದ್ದು, ಒಣಗಿದ ಕಡ್ಡಿ ಮುರಿದ ಹಾಗೆ. ಮೇಲಿನ ಮೊಳದುದ್ದ ತುಂಡು ದಾರದ ಮೇಲೆ ಜಾರಿಕೊಂಡು ನೀರಿಗಿಳಿಯಿತು. ನಾನು ಅದನ್ನೇ ನೋಡುತ್ತಾ ನಿಂತಿದ್ದಾಗ ಅಲೆ ಬಂತು. ಮೊಣಕಾಲಿನ ಮೇಲೆ ಬಡಿದು ನನ್ನನ್ನು ಬಂಡೆಯ ಮೇಲೆ ಕೂರಿಸಿ ಹೋಯಿತು. ಅಂಗೈ ಚಿಪ್ಪಿಗೆ ಉಜ್ಜಿ ಸೀಳಿತು.

ಮಗಳು ನನ್ನ ಜಾಕೆಟ್ಟು ಹಿಡಿದು ಎಳೆದಳು. ಅವಳ ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು. "ಐ ಕಾಂಟ್ ಡು ಟೂ," ಅಂದಳು. "ಅಮ್ಮಾ, ಒಂದೇ ವರ್ಷದಲ್ಲಿ ಇಬ್ಬರು ಬೇಡ. ಪ್ಲೀಸ್."

ಕಾರಿನಲ್ಲಿ ಹೀಟರು ಹಾಕಿಕೊಂಡು ಕೂತೆವು. ಹಿಂದಿನ ಸೀಟಿನ ಮೇಲೆ ಮುರಿದ ರಾಡು. ಅದರ ಹಿಡಿಗೆ ಸುತ್ತಿದ ಕಾರ್ಕಿನಲ್ಲಿ ಅವರ ಹೆಬ್ಬೆರಳು ಒತ್ತಿ ಒತ್ತಿ ಮಾಡಿದ ತಗ್ಗಿತ್ತು, ನನ್ನ ಹೆಬ್ಬೆರಳಿಗೆ ದೊಡ್ಡದಾಗುವಂಥದ್ದು. ಅವರ ಮೀನು ಕೆಟ್ಟಿತು, ಅವರ ರಾಡು ಮುರಿಯಿತು. ನಾನು ಮುಟ್ಟಿದ್ದೆಲ್ಲ ಹೀಗೇ ಆಗುತ್ತಿದೆ ಅನ್ನಿಸಿತು. ಆ ಮೀನು ಕೆಟ್ಟದ್ದು ಗೊತ್ತಾದ ಮೇಲೆ ಅತ್ತೆ ವಾರಕ್ಕೊಮ್ಮೆ ಕೇಳುತ್ತಿದ್ದರು, "ಸಿಕ್ತೇನವ್ವ?" ನಾನು "ಇನ್ನೂ ಇಲ್ಲ ಅತ್ತೆ" ಅನ್ನುತ್ತಿದ್ದೆ. ಆಸ್ಪತ್ರೆಯಲ್ಲಿದ್ದಾಗ "ಹೇಗಿದಾನವ್ವ?" ಅಂದಾಗಲೂ ಅದೇ ದನಿಯಲ್ಲಿ ಹೇಳುತ್ತಿದ್ದೆ.

ಉಳಿದಿದ್ದು ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸಮುದ್ರ ತುಂಬಾ ಹಿಂದೆ ಸರಿದು ತುಂಬಾ ಮುಂದೆ ಬರುತ್ತದೆ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆ ನೋಡಿ ರಜಾ ಹಾಕುತ್ತಿದ್ದವರು ನಮ್ಮ ಬಳಗದಲ್ಲಿ ಇವರೊಬ್ಬರೇ. ಮಗಳು ಕಾಲೇಜಿಗೆ ಹೋಗದೆ ನನ್ನ ಜೊತೆ ಬಂದಳು. ಅವಳ ಚಿಕ್ಕಂದಿನ ಗಿಡ್ಡ ರಾಡಿಗೆ ಅವರ ರೀಲು ಸಿಕ್ಕಿಸಿಕೊಂಡಿದ್ದೆ. ಮಂಜು ದಂಡೆಯ ಮೇಲೆ ಕೂತಿತ್ತು. ಇಳಿತದಲ್ಲಿ ಮರಳು ಎಷ್ಟೋ ದೂರ ಬಯಲಾಗಿತ್ತು. ಒಂದು ದಿಬ್ಬ, ಅದರ ಪಕ್ಕ ಉದ್ದನೆಯ ಗುಂಡಿ. ಹಿಂದಿರುವ ಗುಡ್ಡದ ಒಂದು ಒಂಟಿ ಮರಕ್ಕೆ ನೇರ ಅಂತ ಗುರುತು ಇಟ್ಟುಕೊಂಡೆ.

ನೀರು ಏರತೊಡಗಿತು. ಗಿಡ್ಡ ರಾಡಿಗೆ ದೂರದ ಎಸೆತ ಬೇಕಾಗಲಿಲ್ಲ, ಗುಂಡಿ ಹತ್ತಿರವೇ ಇತ್ತು. ದಾರವನ್ನು ಬೆರಳಿನ ಮೇಲಿಟ್ಟುಕೊಂಡು ನಿಂತೆ. ಅಲೆಯ ಎಳೆತ ಬೇರೆ, ಹುಲ್ಲಿನ ಭಾರ ಬೇರೆ. ಇದು ಟಕ್ ಅಂತ ಒಂದು ಸಲ, ಸ್ವಲ್ಪ ಬಿಟ್ಟು ಟಕ್ ಟಕ್, ಬಾಗಿಲ ಆಚೆ ನಿಂತವರು ಸಂಕೋಚದಿಂದ ತಟ್ಟುವ ಹಾಗೆ. ನಾನು ಜಗ್ಗಲಿಲ್ಲ. ಮೂರನೆಯದಕ್ಕೆ ರಾಡು ಬಾಗಿತು. ಅಲೆ ಬರುವಾಗ ಸುತ್ತಿದೆ, ಅಲೆ ಹಿಂದೆ ಹೋಗುವಾಗ ನಿಲ್ಲಿಸಿದೆ. ನೊರೆಯೊಳಗಿನಿಂದ ಅದು ಮರಳಿನ ಮೇಲೆ ಜಾರಿಕೊಂಡು ಬಂತು.

"ಅಮ್ಮಾ! ಅಮ್ಮಾ! ಗಾಟ್ ಇಟ್!" ಮಗಳು ಬೂಟಿನ ಸಮೇತ ನೀರಿಗಿಳಿದು ಎರಡೂ ಕೈಯಲ್ಲಿ ಹಿಡಿದಳು.

ಬೆಳ್ಳಿಯ ಮೈ, ಪಕ್ಕೆಯಲ್ಲಿ ತಾಮ್ರದ ಪಟ್ಟೆಗಳು, ಕುಂಕುಮದ ನೀರು ಚೆಲ್ಲಿದಂಥ ಕೆಂಪು ಬಾಲ. ಈ ಕೆಂಪು ಬಾಲದ ಪರ್ಚ್ ಇವರಿಗೆ ತುಂಬ ಇಷ್ಟವಾದ ಮೀನು. ಮನೆಗೊಯ್ಯಲು ಇದು ಇಷ್ಟುದ್ದ ಇರಲೇಬೇಕೆಂಬ ನಿಯಮವಿದೆ. ಬಕೆಟ್ಟಿನ ಹೊರಮೈಯಲ್ಲಿ ಇವರು ಅಳತೆಯ ಟೇಪು ಅಂಟಿಸಿ, ಸರಿಯಾದ ಜಾಗಕ್ಕೆ ನನ್ನ ಉಗುರುಬಣ್ಣದಿಂದ ಗೆರೆ ಎಳೆದಿದ್ದರು. ಮೀನನ್ನು ಗೆರೆಗೆ ಹಿಡಿದೆ. ಬಾಲ ಗೆರೆ ಮುಟ್ಟಲಿಲ್ಲ. ಬಾಲ ಒತ್ತಿ ಹಿಡಿದೆ, ಮೂತಿಯನ್ನು ಅಂಚಿಗೆ ಸೇರಿಸಿದೆ. ಒಂದು ಬೆರಳಿನ ಅಗಲದಷ್ಟು ಕಡಿಮೆ.

ಬಕೆಟ್ಟಿನಲ್ಲಿ ನೀರು ತುಂಬಿ ಮೀನು ಬಿಟ್ಟೆವು. ಅದು ಒಂದೇ ಕಡೆ ಮುಖ ಮಾಡಿ ನಿಂತು ಕಿವಿರು ಆಡಿಸುತ್ತಿತ್ತು. ದಂಡೆಯಲ್ಲಿ ಎರಡೂ ಕಡೆ ಯಾರೂ ಇರಲಿಲ್ಲ.

"ಕೀಪ್ ಇಟ್," ಅಂದಳು ಮಗಳು. "ಯಾರೂ ನೋಡ್ತಿಲ್ಲ. ಇಟ್ಸ್ ಫಾರ್ ಅಪ್ಪ."

"ನಿಮ್ಮಪ್ಪ ಇಷ್ಟುದ್ದದ್ದು ಯಾವತ್ತಾದ್ರೂ ಮನೆಗೆ ತಂದಿದಾರಾ?"

ಅವಳು ಬಕೆಟ್ಟಿನ ಗೆರೆಯ ಮೇಲೆ ಬೆರಳಾಡಿಸಿದಳು.

ನನಗೆ ಆ ಮೀನು ಬೇಕಿತ್ತು. ಕಾನೂನಿಗೆ ಹೆದರಿ ಬಿಟ್ಟೆ ಅಂತ ಬರೆದರೆ ಸುಳ್ಳಾಗುತ್ತದೆ. ಕಾನೂನಿನ ನೆನಪು ಆಗ ದೂರವೆಲ್ಲೋ ಇತ್ತು. ಸಾರು ಕುದಿಯುವುದು ಕಾಣುತ್ತಿತ್ತು, ಎಲೆಯ ಮೇಲೆ ಅದರ ಜಾಗ ಕಾಣುತ್ತಿತ್ತು. ಆದರೆ ಅದನ್ನು ಎಲೆಯಲ್ಲಿಟ್ಟರೆ, ಅಳತೆ ನೋಡಿದ್ಯೇನೇ ಅಂತ ಅವರು ಮೊದಲು ಕೇಳುವ ಮಾತೂ ಕೇಳಿಸುತ್ತಿತ್ತು. ಗೆರೆ ಮುಟ್ಟದ ಮೀನು ಸಿಕ್ಕಾಗಲೆಲ್ಲ ಅದನ್ನು ನೀರಿಗೆ ಬಿಡುತ್ತಾ ಅವರು ಹೇಳುತ್ತಿದ್ದದ್ದು ಒಂದಿತ್ತು. ಹಸಿದವರ ಮುಂದೆ ಅವರು ಉಣ್ಣದೆ ಎದ್ದು ಹೋಗುವಂಥದ್ದನ್ನು ಹೇಗೆ ಬಡಿಸಲಿ?

ಬಕೆಟ್ಟು ಎತ್ತಿಕೊಂಡು ಮೊಣಕಾಲುದ್ದದ ನೀರಿಗೆ ಹೋದೆ. ಮಗಳು ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡಳು. ತಾನೇ ಬಗ್ಗಿ ಮೀನನ್ನು ಅಂಗೈಯಲ್ಲಿ ನೀರಿನೊಳಗೆ ಹಿಡಿದುಕೊಂಡಳು, ಅದು ಚೇತರಿಸಿಕೊಳ್ಳುವ ತನಕ. ಆಮೇಲೆ, ಕನ್ನಡದಲ್ಲಿ, ಅವರ ಮಾತನ್ನೇ ಅಂದಳು.

"ಹೋಗು. ಹೋಗಿ ನಿಮ್ಮಪ್ಪನ್ನ ಕಳಿಸು."

ಉಬ್ಬರ ತುಂಬಿತು, ಮಧ್ಯಾಹ್ನವಾಯಿತು, ನೀರು ತಿರುಗಿತು. ನಾನು ಎಸೆಯುತ್ತಲೇ ಇದ್ದೆ. ಒಂಟಿ ಮರದ ನೇರಕ್ಕೆ, ಅದರ ಎಡಕ್ಕೆ, ಬಲಕ್ಕೆ. ಮತ್ತೆ ಯಾವುದೂ ಬರಲಿಲ್ಲ.

ವಾಪಸು ಬರುವಾಗ ಮಗಳು ತಾನಾಗಿಯೇ ಮೀನಿನಂಗಡಿಯ ಮುಂದೆ ಕಾರು ನಿಲ್ಲಿಸಿದಳು. "ಅಜ್ಜಿಗೆ ಗೊತ್ತಾಗಲ್ಲ," ಅಂದಳು. ಗಾಜಿನಾಚೆ ಐಸಿನ ಮೇಲೆ ಸಾಲಾಗಿ ಮಲಗಿದ್ದವು. ಸೋಮವಾರದ ಮೀಟಿಂಗಿನ ಕಣ್ಣುಗಳು. "ನಡಿ," ಅಂದೆ.

ಮನೆಗೆ ಬಂದು ಸ್ನಾನ ಮಾಡಿ ಅಡುಗೆಗೆ ನಿಂತೆ. ಮುದ್ದೆ, ಅನ್ನ, ಕೋಳಿ ಹುರಿದದ್ದು, ವಡೆ, ಪಾಯಸ. ಮೀನ್ ಸಾರಿನ ಮಸಾಲೆ ಬೆಳಿಗ್ಗೆಯೇ ರುಬ್ಬಿಟ್ಟಿದ್ದೆ. ಅದನ್ನು ಬಿಸಾಡುವುದು ಹೇಗೆ? ಹುಣಸೆಹುಳಿ ಬಿಟ್ಟು ಕುದಿಸಿದೆ. ಮೀನು ಹಾಕುವ ಹೊತ್ತು ಬಂದಾಗ ಸೌಟು ಹಿಡಿದು ಸುಮ್ಮನೆ ನಿಂತೆ. ಆಮೇಲೆ ಉಪ್ಪು ನೋಡದೆ ಇಳಿಸಿದೆ. ಎಡೆಯ ಅಡುಗೆಯ ರುಚಿ ನೋಡುವಂತಿಲ್ಲ.

ಅವರು ಆಫೀಸು ಮಾಡಿಕೊಂಡಿದ್ದ ಕೋಣೆಯಲ್ಲಿ ಗೋಡೆಗೆ ಫೋಟೋ ಒರಗಿಸಿ ಎಲೆ ಹಾಕಿದೆ. ಅತ್ತೆ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಆಗತಾನೇ ಬೆಳಕು ಹರಿಯುತ್ತಿತ್ತು, ಹಿಂದೆ ಕೋಳಿ ಕೂಗುತ್ತಿತ್ತು.

"ಎಲ್ಲಿ ತೋರ್ಸು ಎಲೆಯ. ಮೀನೆಲ್ಲವ್ವ?"

"ಸಿಕ್ಕಿತ್ತು ಅತ್ತೆ. ಚಿಕ್ಕದು. ಬಿಟ್ಬಿಟ್ಟೆ."

"ಬಿಟ್ಬಿಟ್ಟಾ?"

"ಇವರು ಅಷ್ಟು ಚಿಕ್ಕದನ್ನ ತರ್ತಿರಲಿಲ್ಲ ಅತ್ತೆ."

ಪರದೆಯ ಮೇಲೆ ಅವರ ಮುಖ ಅಲುಗಾಡದೆ ನಿಂತಿತು. ನೆಟ್‌ವರ್ಕು ಹೋಯಿತೇನೋ ಅಂದುಕೊಂಡೆ. "ಕೈಗೆ ಬಂದಿದ್ದ ಮೀನ ಬಿಟ್ಟು ನನ್ ಮಗನ್ಗೆ ಬರೀ ಸಾರು ಇಟ್ಯಾ? ಅಲ್ಲೂ ಉಪವಾಸ, ಇಲ್ಲೂ ಉಪವಾಸ. ಓದ್ದೋರು ಕಣವ್ವ ನೀವು." ಫೋನು ಅವರ ಮಡಿಲಿಗೆ ಬಿದ್ದಿರಬೇಕು, ಸೀರೆಯ ಹೂವಿನ ಚಿತ್ರವಷ್ಟೇ ಕಾಣಿಸಿ ನಿಂತುಹೋಯಿತು.

ನಾನು ಕೆಂಡದ ಮೇಲೆ ಸಾಂಬ್ರಾಣಿ ಹಾಕಿದೆ. ಜಾಸ್ತಿಯೇ ಹಾಕಿದೆ. ಹೊಗೆ ಫೋಟೋದ ಮುಂದೆ ಸುರುಳಿಯಾಗಿ ಎದ್ದಿತು. ಎಲೆಯ ಬಲಕ್ಕೆ ನೀರಿನ ಲೋಟ ಇಟ್ಟು, ಹಿಂದೆ ಹಿಂದೆ ಸರಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ನಾನೂ ಮಗಳೂ ಪ್ಯಾಸೇಜಿನ ಕಾರ್ಪೆಟ್ಟಿನ ಮೇಲೆ ಗೋಡೆಗೊರಗಿ ಕೂತೆವು.

"ಎಷ್ಟೊತ್ತು?" ಮೆಲ್ಲಗೆ ಕೇಳಿದಳು.

"ಊಟ ಮುಗಿಯೋವರೆಗೆ."

"ಅಪ್ಪ ಈಟ್ಸ್ ಸೋ ಸ್ಲೋ," ಅಂದಳು.

ಬಾಗಿಲ ಕೆಳಗಿಂದ ಸಾಂಬ್ರಾಣಿಯ ಎಳೆಯೊಂದು ಬಂದು ಕಾರ್ಪೆಟ್ಟಿನ ಮೇಲೆ ಹರಡುತ್ತಿತ್ತು. ಅದನ್ನು ನೋಡುತ್ತಾ ಕೂತೆ. ಇನ್ನೂ ಮೊದಲ ತುತ್ತಿನ ಹೊತ್ತೂ ಆಗಿರಲಿಲ್ಲ, ಒಳಗೆ ಹೊಗೆ ಕಂಡರೆ ಕೂಗುವ ಸ್ಮೋಕ್ ಅಲಾರಮ್ಮು ಕೂಗಿಕೊಂಡಿತು. ಈ ಮನೆಯಲ್ಲಿ ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಪ್ಯಾಸೇಜಿನದು, ನಮ್ಮ ತಲೆಯ ಮೇಲಿನದು, ಮಲಗುವ ಕೋಣೆಯದು.

"ಶವರ್ ಕ್ಯಾಪ್!" ಅಂತ ಮಗಳು ದಡಬಡ ಎದ್ದಳು.

ಪ್ರತಿ ಹಬ್ಬಕ್ಕೂ ಸಾಂಬ್ರಾಣಿ ಹಾಕುವ ಮುಂಚೆ ಸ್ಟೂಲು ಹತ್ತಿ ಆ ಅಲಾರಮ್ಮಿಗೆ ಹೊಗೆ ತಾಗದಂತೆ ಶವರ್ ಕ್ಯಾಪು ತೊಡಿಸುವುದು ಇವರ ಕೆಲಸ. ಹತ್ತಿದವರು ಮೇಲಿಂದಲೇ "ಸ್ನಾನಕ್ಕೆ ರೆಡಿ!" ಅಂತ ಕೂಗೋರು. ನನಗೆ ನೆನಪಾಗಿರಲಿಲ್ಲ, ಅವಳಿಗೂ ನೆನಪಾಗಿರಲಿಲ್ಲ. ಅದು ನೆನಪಿಟ್ಟುಕೊಳ್ಳಬೇಕಾದ ಕೆಲಸವೆಂದೇ ನಮಗೆ ಗೊತ್ತಿರಲಿಲ್ಲ.

ಮಗಳ ಕೈ ಬಾಗಿಲ ಹಿಡಿಯ ಮೇಲಿತ್ತು. ನನ್ನ ಕಾಲುಗಳೂ ಆಗಲೇ ಏಳುತ್ತಿದ್ದವು. ಆಸ್ಪತ್ರೆಯಲ್ಲಿ ಕಲಿತ ಕಾಲುಗಳು, ಆ ಸದ್ದಿಗೆ ಓಡಿಯೇ ಅಭ್ಯಾಸ. ಅರ್ಧ ಎದ್ದವಳು ಅವಳ ಮಣಿಕಟ್ಟು ಹಿಡಿದೆ.

"ಬಿಡು," ಅಂದೆ.

"ಅಮ್ಮಾ, ಅದು ನಿಲ್ಲಲ್ಲ."

"ಕೂಗಲಿ. ಅವರು ಊಟಕ್ಕೆ ಕೂತಿದಾರೆ."

ಅವಳು ನನ್ನನ್ನೇ ನೋಡಿದಳು. ಕೈ ನಿಧಾನವಾಗಿ ಬಾಗಿಲ ಹಿಡಿಯಿಂದ ಜಾರಿತು. ಪಕ್ಕದ ಮನೆಯ ನಾಯಿ ಬೊಗಳಲು ಶುರುಮಾಡಿತು. ಅವಳು ಕೂತಳು, ನಾನೂ ಕೂತೆ. ಕಿವಿ ಮುಚ್ಚಿಕೊಳ್ಳಬಹುದಿತ್ತು, ಆದರೆ ಅವಳ ಕೈ ನನ್ನ ಕೈಯೊಳಗಿತ್ತು. ಇಡೀ ಮನೆ ಕೂಗುತ್ತಲೇ ಇತ್ತು. ನಾವು ಏಳಲಿಲ್ಲ.